ಕೂಳೂರು ಸಂಕದ ಬಳಿ, ಮೂವತ್ತೊಂದನೇ ಕಿಲೋಮೀಟರ್

ಆರೂವರೆಗೇ ಬಂದು ನಿಂತಿದ್ದೇವೆ ನಾವು ನಾಲ್ಕು ಜನ.
ಅಜ್ಜಿಗೆ ಮಾತ್ರ ಕುರ್ಚಿ, ಪ್ಲಾಸ್ಟಿಕ್ಕಿನದು,
ರಿಕ್ಷಾದ ಹಿಂದೆ ಕಟ್ಟಿ ತಂದದ್ದು.
ಅಮ್ಮನ ಚೀಲದಲ್ಲಿ ಉಪ್ಪು ಹಾಕಿದ ಲಿಂಬೆ ಶರಬತ್ತು,
ಎರಡು ಕದಳಿ ಹಣ್ಣು, ಒಂದು ಚಂಡಿ ಬೈರಾಸು.
ತಮ್ಮ ಬಟ್ಟಲು ಸೌಟು ಹಿಡಿದು
ಯಾರ್ಯಾರಿಗೋ ಬಡಿದು ಬಡಿದು
ಆಗಲೇ ಕೈ ಸೋತು ಕೂತಿದ್ದಾನೆ.

ಕೆಳಗೆ ಫಲ್ಗುಣಿಯಲ್ಲಿ ಇಳಿತ.
ಸೊಂಟದ ನೀರಲ್ಲಿ ನಿಂತು ಇಬ್ಬರು ಮರುವಾಯಿ ಹೆಕ್ಕುತ್ತಾರೆ.
ಅವರಿಗೆ ಈ ಓಟದ ಗೊಡವೆ ಇಲ್ಲ.

ಅಪ್ಪ ಸಿಟಿ ಬಸ್ಸಿನ ಕಂಡಕ್ಟರ್.
ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ಲಿಗೆ, ಸುರತ್ಕಲ್ಲಿನಿಂದ ಸ್ಟೇಟ್‌ಬ್ಯಾಂಕಿಗೆ
ಇಪ್ಪತ್ತೆರಡು ವರ್ಷ,
ಫುಟ್‌ಬೋರ್ಡಿನಲ್ಲಿ ಒಂದು ಕಾಲು, ಗಾಳಿಯಲ್ಲಿ ಒಂದು.
ಲೆಕ್ಕ ಹಾಕಿದರೆ ಭೂಮಿಗೆ ಮೂವತ್ತು ಸುತ್ತು ಬಂದಿದ್ದಾನೆ,
ಒಂದು ಹೆಜ್ಜೆಯೂ ನಡೆಯದೆ.
ಶುಗರು ಮುನ್ನೂರು ದಾಟಿದ ದಿನ ಡಾಕ್ಟರು ನಡೆಯಲು ಹೇಳಿದರು.
ನಡೆದರೆ ಫಸ್ಟ್ ಟ್ರಿಪ್ಪು ತಪ್ಪುತ್ತದೆ ಮಾರಾಯ್ರೆ,
ಎಂದವನು ಓಡಲಿಕ್ಕೆ ಸುರು ಮಾಡಿದ.

ಬೆಳಗಿನ ನಾಲ್ಕಕ್ಕೆ, ಖಾಕಿ ಪ್ಯಾಂಟಿನಲ್ಲೇ.
ಅಶೋಕನಗರದ ನಾಯಿಗಳು ಮೂರು ತಿಂಗಳು ಅಟ್ಟಿಸಿದವು,
ನಾಲ್ಕನೇ ತಿಂಗಳು ಜೊತೆಗೆ ಓಡಿದವು.
ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಕಪ್ಪು ಕನ್ನಡಕದವರು ಹೋದರು,
ಮುಂಗೈಯ ವಾಚಿನೊಡನೆ ಮಾತಾಡುವವರು ಹೋದರು.
ಯಾರದೋ ಮಗ ಕಂಬ ಹಿಡಿದು ವಾಂತಿ ಮಾಡಿದ,
ಅಮ್ಮ ಅವನಿಗೊಂದು ಕದಳಿ ಕೊಟ್ಟಳು.
ಎಂಟೂಮುಕ್ಕಾಲು.
ಗಾಳಿ ತಿರುಗಿದಾಗ ಪಣಂಬೂರಿನ ಗೊಬ್ಬರದ ವಾಸನೆ
ಮೂಗಿನೊಳಗೆ ಸೂಜಿಯಾಡಿಸುತ್ತದೆ.
ಬಸ್ಸಿನಲ್ಲಿ ಬಂದಿದ್ದರೆ ಇಷ್ಟೊತ್ತಿಗೆ ಮುಟ್ಟುತ್ತಿರಲಿಲ್ವಾ,
ಅಜ್ಜಿಯ ಪ್ರಶ್ನೆ.

ದೂರದಿಂದ ಗುರುತಾದದ್ದು ಮುಖವಲ್ಲ,
ಎಡಕ್ಕೆ ವಾಲಿದ ಭುಜ.
ಬ್ಯಾಗು ಇಲ್ಲದಾಗಲೂ ಆ ಭುಜ
ಬ್ಯಾಗು ಹೊತ್ತೇ ಇರುತ್ತದೆ.

ಓಡುತ್ತಿಲ್ಲ.
ನಡೆಯುತ್ತಿದ್ದಾನೆ, ಅದೂ ಸರಿಯಾಗಿ ಅಲ್ಲ,
ದಡಕ್ಕೆ ಹಾಕಿದ ಮೀನಿನ ಹಾಗೆ ಬಾಯಿ ತೆರೆದು.
ತಮ್ಮನ ಸೌಟು ಗಾಳಿಯಲ್ಲೇ ನಿಂತಿತು.
ಅಷ್ಟು ದಿನ ಯೋಚಿಸಿಟ್ಟ ಒಂದು ಮಾತೂ
ನನ್ನ ಗಂಟಲಿಂದ ಹೊರಡಲಿಲ್ಲ.

ಅಮ್ಮ ಅಪ್ಪನ ಹೆಸರು ಬಾಯಲ್ಲಿ ಹೇಳಿದವಳಲ್ಲ.
ರೇಷನ್ ಅಂಗಡಿಯಲ್ಲಿ ಕೇಳಿದರೂ ಕಾರ್ಡು ತೋರಿಸುವವಳು.
ಅವಳು ಅಪ್ಪನ ಎದೆಗೆ ಚುಚ್ಚಿದ ಚೀಟಿಯನ್ನು ಓದಿದಳು:
ಎರಡು ಸಾವಿರದ ನೂರ ಹದಿನೇಳು!
ಇನ್ನೊಮ್ಮೆ, ಇನ್ನೂ ದೊಡ್ಡದಾಗಿ:
ಎರಡು ಸಾವಿರದ ನೂರ ಹದಿನೇಳು!
ಬ್ಯಾಂಕಿನಲ್ಲಿ ಟೋಕನ್ ಕರೆದ ಹಾಗೆ.
ಸುತ್ತಲಿನವರು ನಕ್ಕರು. ಅಪ್ಪನಿಗೆ ಕೇಳಿಸಲಿಲ್ಲ.

ಸ್ಕೂಟರಿನಲ್ಲಿ ಕೂತಿದ್ದ ಯಾರೋ ಪ್ಯಾಸೆಂಜರ್ ಕೂಗಿದರು,
ಓ ರುಕ್ಮಯಣ್ಣ, ನನಗೆ ಎರಡು ರುಪಾಯಿ ಬಾಕಿ ಉಂಟು!
ಅದು ಕೇಳಿಸಿತು.
ಕೈ ತಾನಾಗಿ ಸೊಂಟದ ಬಳಿ ಹೋಗಿ
ಇಲ್ಲದ ಬ್ಯಾಗಿನಲ್ಲಿ ಚಿಲ್ಲರೆ ಹುಡುಕಿತು.

ಆಗ ಎದುರಿನ ರಸ್ತೆಯಲ್ಲಿ ಅವರದೇ ಬಸ್ಸು.
ಲ್ಯಾನ್ಸಿ ಡ್ರೈವರ್ ಸಂಕದುದ್ದಕ್ಕೂ ಹಾರ್ನ್ ಒತ್ತಿ ಹಿಡಿದ.
ಎಂಬತ್ತೊಂದರ ಅಜ್ಜಿ ಕುರ್ಚಿ ಬಿಟ್ಟೆದ್ದು,
ಕಬ್ಬಿಣದ ಕಟಕಟೆಗೆ ಅಂಗೈಯಿಂದ ಎರಡು ಸಲ ಬಡಿದು,
ರೈಟ್ ಪೋಯಿ! ಅಂದಳು.

ಕಾಲಿಗೆ ಮೊದಲು ಕೇಳಿಸಿತು, ಕಿವಿಗೆ ಆಮೇಲೆ.
ಓಡಿದ.
ಓಟ ಎನ್ನಬಹುದಾದರೆ ಅದು ಓಟ.
ನಮ್ಮನ್ನು ನೋಡಿದನೋ ಇಲ್ಲವೋ ಗೊತ್ತಿಲ್ಲ.
ಶರಬತ್ತು ಅಮ್ಮನ ಕೈಯಲ್ಲೇ ಉಳಿಯಿತು,
ಬೈರಾಸಿನಿಂದ ಅವಳು ತನ್ನ ಮುಖ ಒರೆಸಿಕೊಂಡಳು.

ಇನ್ನೂ ಹನ್ನೊಂದು ಉಂಟು.
ಲೇಡಿಹಿಲ್ಲಿಗೆ ಹೋಗುವ ಬಸ್ಸು ಹತ್ತಿದೆವು, ಕುರ್ಚಿಯ ಸಮೇತ.
ಅಪ್ಪನ ಸುದ್ದಿ ಗೊತ್ತಿಲ್ಲದ ಹೊಸ ಹುಡುಗ
ನಾಲ್ಕು ಟಿಕೆಟ್ ಹರಿದು ಕೊಟ್ಟ.
ಚಿಲ್ಲರೆ ಇಲ್ಲ, ಇಳಿಯುವಾಗ ಕೊಡ್ತೇನೆ, ಅಂದ.
ಆಗಲಿ, ಎಂದಳು ಅಮ್ಮ,
ಕಿಟಕಿಯಿಂದ ಹೊರಗೆ ರಸ್ತೆಯ ಅಂಚಿನಲ್ಲಿ
ವಾಲಿದ ಭುಜಗಳನ್ನು ಹುಡುಕುತ್ತ.